ಟೈಲರಮ್ಮನ ಕುಂಟು

ಮೇಲಿನ ಮಹಡಿಯಿಂದ "ಅಯ್ಯಮ್ಮಾ!" ಎಂಬ ಕೂಗು ಕೇಳಿದ್ದೇ ತಡ, ನೆಲಮಹಡಿಯ ಟೈಲರಮ್ಮ ಹೊಲಿಗೆಯನ್ನು ಅಲ್ಲೇ ಬಿಸುಟು ಮೆಟ್ಟಿಲು ಹತ್ತಿ ಓಡಿದಳು. ಎರಡೆರಡು ಮೆಟ್ಟಿಲು ಒಟ್ಟಿಗೆ. ಕೈಯಲ್ಲಿ ಊರುಗೋಲಿರಲಿಲ್ಲ.

ಏಳು ತಿಂಗಳ ಬಸುರಿ ನರ್ಸ್ ತನ್ನ ಮನೆ ಬಾಗಿಲಿಗೆ ನಾಲ್ಕು ಮೆಟ್ಟಿಲು ಬಾಕಿ ಇರುವಾಗ ಕುಸಿದು ಕೂತಿದ್ದಳು. ಚೀಲದ ಈರುಳ್ಳಿ ಸುತ್ತಲೂ ಉರುಳಿತ್ತು.

"ಏನಿಲ್ಲ ಅಕ್ಕಾ, ತಲೆ ಸುತ್ತು ಬಂತಷ್ಟೆ. ಮಗು ಒದೀತಾ ಇದೆ."

"ಒದೀಲಿ ಬಿಡು. ನನ್ನ ಜೀವ ಬಾಯಿಗೆ ಬಂದಿತ್ತು ಕಣೆ!" ಎಂದು ಬೆನ್ನು ಸವರಿದ ಟೈಲರಮ್ಮ, ಆಮೇಲೆ ತನ್ನ ಕಾಲು ನೋಡಿಕೊಂಡಳು. ಊರುಗೋಲು ಕೆಳಗೇ ಉಳಿದಿತ್ತು.

ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ತಾರಸಿಯ ಬಿಸಿಲು ಕೊಟ್ಟಷ್ಟು ಕರೆಂಟಿನಲ್ಲೇ ಬಾಳಬೇಕು, ನಾಳೆ ಹುಟ್ಟುವ ಮಕ್ಕಳ ಪಾಲಿಗೆ ಕೈ ಹಾಕಬಾರದು ಎಂದು ಹನ್ನೆರಡು ಸಂಸಾರಗಳು ಹಟ ಹಿಡಿದು ಕಟ್ಟಿಸಿದ್ದು. ಹಾಗಾಗಿ ಹತ್ತಲಾಗದವರು ಕೆಳಗಿನ ಮನೆಗೆ ಇಳಿಯುತ್ತಾರೆ, ಗಟ್ಟಿಮುಟ್ಟಾದವರು ಮೇಲೇರುತ್ತಾರೆ. ಗೇಣು ಜಾಗಕ್ಕೆ ಕಚ್ಚಾಡುವ ಜಗತ್ತಿನಲ್ಲಿ ತಮ್ಮ ಮನೆಯನ್ನೇ ಬಿಟ್ಟುಕೊಡುವ ಜನ! ಮೆಚ್ಚಲೇಬೇಕು.

ಕಾಲು ಮುರಿದಾಗ ಕೆಳಗಿಳಿದಿದ್ದ ಟೈಲರಮ್ಮ ಮಾತ್ರ ವಾಸಿಯಾದ ಮೇಲೂ ಕುಂಟುತ್ತಲೇ ಇದ್ದಳು. ಬಾಗಿಲು ತೆರೆದರೆ ಮಣ್ಣು, ಮಣ್ಣಿನಲ್ಲಿ ತಾನೇ ನೆಟ್ಟ ಬದನೆ, ಟೊಮೆಟೊ. ಬಿಟ್ಟುಹೋಗಲು ಮನಸ್ಸೇ ಬರಲಿಲ್ಲ. ಬಸುರಿಗೆ ಕೆಳಗೆ ಮನೆ ಬಿಡುವವರು ಯಾರು ಎಂದು ಭಾನುವಾರ ಎಲ್ಲರೂ ಕೂತು ಮಾತಾಡುವುದಿತ್ತು. ಕೆಳಗಿನ ಉಳಿದ ಮನೆಗಳಲ್ಲಿ ಇದ್ದವರೆಲ್ಲ ಹಣ್ಣು ಮುದುಕರು. ಆದ್ದರಿಂದ ಈ ವಾರ ಅವಳ ಕುಂಟು ತುಸು ಜೋರಾಗಿಯೇ ಇತ್ತು.

ಎದುರು ಬಾಗಿಲಿನ ಬಡಗಿ ನೀರಿನ ಚೊಂಬು ಹಿಡಿದು ಬಂದ. ಟೈಲರಮ್ಮನನ್ನು ನೋಡಿ ಅವನಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ.

"ನನ್ನ ಮನೆ ಇವಳು ತಗೊಳ್ಳಲಿ," ಎಂದಳು ಅವಳು ತಲೆ ತಗ್ಗಿಸಿ. "ಕಾಲು ಯಾವಾಗ್ಲೋ ವಾಸಿಯಾಗಿತ್ತು. ಸುಳ್ಳು ಕುಂಟು ಕುಂಟ್ತಿದ್ದೆ."

"ಗೊತ್ತು. ಒಂದಿನ ಬಲಗಾಲು ಕುಂಟ್ತಿದ್ರಿ, ಇನ್ನೊಂದಿನ ಎಡಗಾಲು."

ನರ್ಸ್ ನಗು ತಡೆಯಲಾರದೆ ಮುಖ ತಿರುಗಿಸಿದಳು. ಇವಳಿಗೂ ಗೊತ್ತಿತ್ತೆಂದ ಮೇಲೆ ಟೈಲರಮ್ಮ ನಾಚಿಕೆಯಿಂದ ಹಿಡಿಯಷ್ಟಾದಳು.

"ಮತ್ತೆ ಯಾರೂ ಯಾಕೆ ಬಾಯಿ ಬಿಡ್ಲಿಲ್ಲ?"

"ಯಾರಿಗಾದ್ರೂ ಬೇಕಾದಾಗ ನೀವೇ ಹತ್ತುತ್ತೀರಿ ಅಂತ ಸುಮ್ನಿದ್ವಿ."

"ಹತ್ತದೇ ಇದ್ದಿದ್ರೆ?"

ಬಡಗಿ ಬಗ್ಗಿ ಈರುಳ್ಳಿ ಆಯತೊಡಗಿದ. "ಈ ಕಟ್ಟಡ ಕಟ್ಟಿದ್ದು ಬರೀ ಬಿಸಿಲು ನಂಬ್ಕೊಂಡು ಅಂದ್ಕೊಂಡ್ರಾ, ಟೈಲರಮ್ಮ?"