ಗೋಡೆಯ ಹಿಂದಿನ ಜಾಗ

ರೆಗುಲಾ ತನ್ನ ಅಜ್ಜನ ಸೇನಾ ಕೋವಿಯನ್ನು ಹಳೇ ಟೈರಿಗೆ ಬಿಗಿದು, ಟ್ರಿಗರ್‌ಗೆ ಉದ್ದನೆಯ ದಾರ ಕಟ್ಟಿದಳು. ರಿಪೇರಿಯಾದ ಕೋವಿಯ ಮೊದಲ ಗುಂಡನ್ನು ಹೀಗೆ ದೂರದಿಂದಲೇ ಹಾರಿಸುವುದು ಆ ಸ್ವಿಸ್ ಹಳ್ಳಿಯ ಗುರಿಗಾರರ ಸಂಘದ ರೂಢಿ.

"ಸಿಡಿಯತ್ತೆ ನೋಡ್ತಿರಿ! ಗೋಡೆಗೆ ನೇತುಹಾಕಿ ಕೆಳಗೊಂದು ಹೂಕುಂಡ ಇಡೋದಲ್ವೇನಮ್ಮಾ?" ಎನ್ನುತ್ತ ಅಧ್ಯಕ್ಷ ಉರ್ಸ್ ಎಲ್ಲರಿಗಿಂತ ಮೊದಲು ಕಲ್ಲುಗೋಡೆಯ ಹಿಂದೆ ಸೇರಿಕೊಂಡ.

ರೆಗುಲಾ ದಾರ ಎಳೆದಳು. ಕಣಿವೆಯೇ ಢಮ್ಮೆಂದಿತು. ಅವಳು ಇಡೀ ಚಳಿಗಾಲ ತುಕ್ಕು ಉಜ್ಜಿ, ಮರದ ಹಿಡಿಗೆ ಅಗಸೆಣ್ಣೆ ತಿಕ್ಕಿದ ಕೋವಿಯಲ್ಲಿ ಒಂದು ಬಿರುಕೂ ಇರಲಿಲ್ಲ.

ಉರ್ಸ್ ಮೀಸೆ ತೀಡುತ್ತ ಬಂದು ಕೈಚಾಚಿದ. "ಕೊಡಮ್ಮಾ. ಹೆಗಲಿಗಿಟ್ಟು ಹೊಡೆಯೋ ಮೊದಲ ಗುಂಡು ಅಧ್ಯಕ್ಷಂದು. ಹಿಂದಿನಿಂದ ಬಂದ ಪದ್ಧತಿ."

ರೆಗುಲಾ ಕೋವಿಯನ್ನು ಬಿಚ್ಚಿಕೊಂಡು, ಚಾಪೆಯ ಮೇಲೆ ಬೋರಲು ಮಲಗಿ, ಹೆಗಲಿಗೆ ಆನಿಸಿಕೊಂಡಳು.

"ಗುಂಡು ಹಾರುವಾಗ ನಿಮ್ಮ ಜಾಗ ಯಾವ್ದು ಅಂತ ಆಗ್ಲೇ ತೋರಿಸಿದ್ರಲ್ಲ, ಉರ್ಸಣ್ಣ. ಅಲ್ಲೇ ಹೋಗಿ ನಿಂತ್ಕೊಳ್ಳಿ."