ಗೋಡೆಯಲ್ಲುಳಿದ ಮಾತು

ಆಡಿದ ಮಾತು ಗೋಡೆಗೆ ಅಂಟಿಕೊಂಡು, ಗಾಳಿ ಬೀಸಿದಾಗಲೆಲ್ಲ ಮತ್ತೆ ಕೇಳಿಸುವ ಕಾಲವದು. ಧಾರವಾಡದಲ್ಲಿ ಮಾತು ಕೆರೆಯಲು ಕಣ್ಣಿಲ್ಲದ ನೀಲವ್ವನನ್ನೇ ಕರೆಯುತ್ತಿದ್ದರು. ಅವಳ ಬೆರಳಿಗೆ ಗೋಡೆಯ ಪಿಸುಮಾತೂ ತಿಳಿಯುತ್ತಿತ್ತು. ಇಂದಿನ ಕೂಲಿ ಸೇರಿದರೆ ಸ್ವಂತ ಅಂಗಡಿಗೆ ಮುಂಗಡ ಕೊಡುವವಳಿದ್ದಳು.

“ಸಂಜೀಕ ಬೀಗರು ಬರ್ತಾರ. ನಮ್ಮತ್ತಿ ಬೈಗಳ ಒಂದೂ ಉಳೀಬಾರದು ನೋಡು,” ಎಂದಳು ಮನೆಯೊಡತಿ ಯಮುನಾಬಾಯಿ.

ನೀಲವ್ವ ಜೋಗುಳಗಳನ್ನು ಬಿಟ್ಟು, ಬೈಗುಳಗಳನ್ನಷ್ಟೇ ಕೆರೆದು ಚೀಲಕ್ಕೆ ತುಂಬಿದಳು. ಯಮುನಾಬಾಯಿ ಅರ್ಧ ಕೂಲಿ ಕೈಗಿಟ್ಟಳು. “ಎಲ್ಲಾರಿಗೂ ಇಷ್ಟ ಕೊಡೋದು.”

ನೀಲವ್ವ ಬಾಗಿಲ ಪಕ್ಕದ ಗೋಡೆ ಸವರಿದಳು. “ಇದೊಂದು ಉಳದೈತಿ ಬಾಯೀ. ಮುಂಜಾನಿದು, ಇನ್ನೂ ಹಸೀ ಐತಿ. ‘ಕುರುಡಿಗೆ ಅರ್ಧ ಸಾಕು, ಆಕೀಗೇನ್ ತಿಳೀತದ’ ಅಂತೈತಿ. ಬೀಗರು ಕೇಳಲೇನು?”

ಉಳಿದರ್ಧ ಕೂಲಿ ಥಟ್ಟನೆ ಅಂಗೈಗೆ ಬಿತ್ತು. “ಲಗೂನ ಕೆರಿಯವಾ ತಾಯಿ!”

“ಕೆರೀತೀನಿ,” ನೀಲವ್ವ ಸೆರಗು ಸಿಕ್ಕಿಸಿದಳು. “ಇದಕ್ಕ ಬ್ಯಾರೆ ಕೂಲಿ.”