ಕೈ ಹೊರಗೆ ಚಾಚಬೇಡಿ

“ಯಾವ ಬಸ್ಸು ಅಂತ ನೀವೇ ಬೆರಳು ಮಾಡಿ ತೋರಿಸ್ಬೇಕಮ್ಮ. ನಾನಾಗಿ ಮುಟ್ಟೋ ಹಾಗಿಲ್ಲ,” ಎಂದ ಕೋರ್ಟಿನ ಅಮೀನ ಅಂಕಯ್ಯ, ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ನಡುವೆ ನಿಂತು. ಭದ್ರಮ್ಮ ಸೆರಗಿನೊಳಗೆ ಮುಚ್ಚಿಟ್ಟಿದ್ದ ತನ್ನ ಬಲತೋಳನ್ನು ನೋಡಿಕೊಂಡಳು. ಮೊಣಕೈಯಿಂದ ಕೆಳಗೆ ಅಲ್ಲಿ ಏನೂ ಇರಲಿಲ್ಲ. ಆಮೇಲೆ ಅವನ ಮುಖ ನೋಡಿದಳು. ತಾನು ಆಡಿದ್ದೇನೆಂದು ಅಂಕಯ್ಯನಿಗೆ ಆಗ ಹೊಳೆಯಿತು. “ಯಾವ ಕೈಯಾದ್ರೂ ಆಯ್ತು ಬಿಡಿ,” ಎಂದು ವಾರಂಟನ್ನು ಮಡಚಿಕೊಂಡ.

ಆ ಕೈಯನ್ನು ತಿಂದ ಬಸ್ಸು ಎದುರಿಗೇ ನಿಂತಿತ್ತು. ಹಾರನಹಳ್ಳಿ ದಾಟಿ ಒಳಗಿನ ಹಳ್ಳಿಗಳಿಗೆ ಹೋಗುತ್ತಿದ್ದದ್ದು ಅದೊಂದೇ. ಅವತ್ತು ಮೂವರ ಸೀಟಿಗೆ ಐವರನ್ನು ತುರುಕಿದ್ದರು. ಅಂಚಿನಲ್ಲಿ ಕೂತ ಭದ್ರಮ್ಮನ ಮೊಣಕೈಗೆ ಕಿಟಕಿ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಡ್ರೈವರ್ ಎದುರು ಬಂದ ಲಾರಿಗೆ ಉಜ್ಜಿಕೊಂಡೇ ಬಸ್ಸು ನುಗ್ಗಿಸಿದ. ಕೋರ್ಟಿನಲ್ಲಿ ಮಾಲೀಕ ಗೌರೀಶನ ವಕೀಲ, “ಕೈ ಹೊರಗೆ ಚಾಚಬೇಡಿ ಅಂತ ಬಸ್ಸಿನಲ್ಲಿ ಬರೆದಿತ್ತೋ ಇಲ್ಲವೋ?” ಎಂದು ಕೇಳಿದ್ದೇ ಕೇಳಿದ್ದು. ಅಷ್ಟು ಅಂದವಾಗಿ ಬರೆಸಿದ್ದ ಮಹಾನುಭಾವ ಆ ವರ್ಷ ಬಸ್ಸಿಗೆ ವಿಮೆ ಮಾತ್ರ ಕಟ್ಟಿರಲಿಲ್ಲ. ಹಾಗಾಗಿ ಪರಿಹಾರ ಅವನೇ ಕೊಡಬೇಕೆಂದು ತೀರ್ಪಾಯಿತು. ಅವನು ಕೊಡಲಿಲ್ಲ. ಒಂದು ಕೈಯವಳನ್ನು ಹೊಗೆಸೊಪ್ಪು ಕಟ್ಟುವ ಕೂಲಿಗೆ ಯಾರೂ ಕರೆಯದೆ ವರ್ಷಗಳು ಉರುಳಿದವು. ಕೊನೆಗೆ ಅವನ ಬಸ್ಸುಗಳಲ್ಲಿ ಒಂದನ್ನು ಜಪ್ತಿ ಮಾಡಲು ವಾರಂಟು ಬಂತು. ಅದಕ್ಕೂ ಇವತ್ತೇ ಕಡೆಯ ದಿನ.

ಗೌರೀಶ ಕೈಮುಗಿದುಕೊಂಡೇ ಬಂದ. “ಕೋರ್ಟಿನ ಮಾತಿಗೆ ನಾನು ಎದುರಾಡೋನಲ್ಲ ಸ್ವಾಮಿ. ಇದೇ ಬಸ್ಸು ತಗೊಂಡೋಗಿ,” ಎಂದ. ಅಮೀನ ಬಾಯಿ ತೆರೆಯುವ ಮುಂಚೆಯೇ ಬಸ್ಸಿನ ಬಾಗಿಲಿಗೆ ಹೋಗಿ ದನಿ ಏರಿಸಿದ: “ಎಲ್ಲಾರೂ ಇಳೀರಪ್ಪ! ಇನ್ಮೇಲೆ ನಿಮ್ಮೂರ್ ಕಡೆಗೆ ಬಸ್ಸಿಲ್ಲ. ನಿಮ್ಮ ಭದ್ರಮ್ಮ ಜಪ್ತಿ ಮಾಡಿಸ್ತಾವ್ರೆ.”

ಸಂತೆಯ ಚೀಲ, ಗೊಬ್ಬರದ ಮೂಟೆ, ಮಲಗಿದ್ದ ಕೂಸು ಎಲ್ಲ ಹೊತ್ತುಕೊಂಡು ಜನ ಇಳಿದರು. ಬೈಗುಳ ಶುರುವಾಯಿತು. ಎಲ್ಲರಿಗಿಂತ ಮುಂದೆ ಬಂದವಳು ಪಕ್ಕದ ಮನೆಯ ಪುಟ್ಟಮಾದಮ್ಮ. ಕೈ ಹೋದಂದಿನಿಂದ ದಿನಾ ಬೆಳಿಗ್ಗೆ ಭದ್ರಮ್ಮನ ತಲೆ ಬಾಚಿ ತುರುಬು ಕಟ್ಟುತ್ತಿದ್ದವಳು ಅವಳೇ. ಇವತ್ತಿನ ತುರುಬೂ ಅವಳು ಕಟ್ಟಿದ್ದೇ.

“ಅಲ್ಲ ಕಣೆ ಭದ್ರಾ, ನಿನ್ ಕೈ ಓಯ್ತು ಅಂತ ಊರೋರ್ ಕಾಲೆಲ್ಲ ಮುರೀಬೇಕಾ? ನಮ್ ಐಕ್ಳು ಇಸ್ಕೂಲ್ಗೆ ಎಂಗೆ ಓಗ್ಬೇಕು?”

“ನಾನ್ ಇದ್ನ ತೋರ್ಸೇ ಇಲ್ಲ ಕಣಕ್ಕ! ತೋರ್ಸ್ದೋನು ಅವ್ನು!” ಭದ್ರಮ್ಮ ಕೂಗಿದಳು. ಕಿವಿಗೊಡುವವರು ಯಾರು? ಕೈ ತಿಂದವನ ಮುಂದೆ ತಲೆ ತಗ್ಗಿಸಿ ನಿಂತ ಊರು, ಕೈ ಕಳೆದುಕೊಂಡವಳ ಮೇಲೆ ಎಗರಾಡುತ್ತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

ಅಂಕಯ್ಯ ಹತ್ತಿರ ಬಂದು ದನಿ ತಗ್ಗಿಸಿದ. “ಇದನ್ನ ಹರಾಜು ಹಾಕಿದ್ರೆ ಗುಜರಿ ರೇಟೂ ಹುಟ್ಟಲ್ಲ. ಅದಕ್ಕೇ ಮುಂದೆ ತಂದು ನಿಲ್ಲಿಸವ್ನೆ. ವಾರಂಟಲ್ಲಿ ಅವನ ಮೈಸೂರು ಬಸ್ಸಿನ ನಂಬರೂ ಇದೆ, ಆ ಹೊಸ ವೀಡಿಯೋ ಬಸ್ಸು. ಅದನ್ನ ಹಿಡಿದ್ರೆ ಸಂಜೆಯೊಳಗೆ ದುಡ್ಡು ಕಟ್ಟಿ ಬಿಡಿಸ್ಕೋತಾನೆ. ಎಲ್ಲಿ ಅದು?”

ಗೌರೀಶನಿಗೆ ಅದೂ ಕೇಳಿಸಿತ್ತು. “ಅದು ಮೈಸೂರಲ್ಲೇ ರಿಪೇರಿಗೆ ನಿಂತಿದೆ ಸ್ವಾಮಿ. ಇಂಜಿನ್ನೇ ಬಿಚ್ಚವ್ರೆ,” ಎಂದು ನಕ್ಕ. ಅಷ್ಟರಲ್ಲಿ ಹೊರಗಿನ ದೊಡ್ಡ ರಸ್ತೆಯ ಕಡೆಯಿಂದ ಹಾರನ್ ಹಾಡಿತು. ಪಿರಿಯಾಪಟ್ಟಣದಲ್ಲಿ ಆ ರಾಗ ಇದ್ದದ್ದು ಒಂದೇ ಬಸ್ಸಿಗೆ. ಸ್ಟ್ಯಾಂಡಿನೊಳಗೆ ಬರಬೇಡ, ರಸ್ತೆಯಲ್ಲೇ ಜನ ಹತ್ತಿಸಿಕೊಂಡು ಕುಶಾಲನಗರಕ್ಕೆ ಹೋಗಿಬಿಡು ಎಂದು ಡ್ರೈವರಿಗೆ ಹೇಳಿಟ್ಟಿದ್ದ ಗೌರೀಶ, ಹಾರನ್ ಹೊಡೆಯಬೇಡ ಎನ್ನುವುದನ್ನು ಮರೆತಿದ್ದ.

ಪುಟ್ಟಮಾದಮ್ಮ ಅವನ ಕಡೆ ತಿರುಗಿದಳು. “ಇಂಜಿನ್ ಬಿಚ್ಚಾಕಿರೋ ಬಸ್ಸು ಅದೆಂಗ್ಲಾ ಹಾಡು ಯೋಳ್ತಾದೆ?”

ಭದ್ರಮ್ಮ ಅಷ್ಟು ಹೊತ್ತಿಗೆ ಓಡಲು ಶುರು ಮಾಡಿದ್ದಳು. ಹಣ್ಣಿನ ಗಾಡಿಗಳನ್ನು ಬಳಸಿಕೊಂಡು, ನಿಂತಿದ್ದ ಆಟೋಗೆ ತಾಗಿಕೊಂಡು ರಸ್ತೆಗೆ ಬಿದ್ದಳು. ಹಿಂದಿನಿಂದ ಅಂಕಯ್ಯ ಏದುಸಿರು ಬಿಡುತ್ತ ಬಂದ. ತುರುಬು ಬಿಚ್ಚಿ ಬೆನ್ನಿಗೆ ಬಿತ್ತು, ಅವಳು ತಿರುಗಿ ನೋಡಲಿಲ್ಲ. ಕೈ ಹೋದಂದಿನಿಂದ ಅವಳು ಬಸ್ಸಿಗೆ ಅಡ್ಡ ಹಾಕುತ್ತಿದ್ದದ್ದು ಎಡಗೈಯನ್ನೇ. ಮೋಟು ತೋಳನ್ನು ಜನರೆದುರು ಸೆರಗಿನಿಂದ ಹೊರಗೆ ತೆಗೆದವಳೇ ಅಲ್ಲ. ಇವತ್ತು ಹೊಳೆಯುತ್ತ ನುಗ್ಗಿ ಬರುತ್ತಿದ್ದ ಬಸ್ಸಿನೆದುರು ರಸ್ತೆ ನಡುವೆ ನಿಂತು, ಸೆರಗನ್ನು ಕಿತ್ತೆಸೆದ ಹಾಗೆ ಸರಿಸಿ, ಬಲತೋಳನ್ನೇ ನೇರ ಚಾಚಿದಳು.

ಬ್ರೇಕು ಕಿರುಚಿತು. ಆ ತೋಳಿಗೆ ಗೇಣು ದೂರದಲ್ಲಿ ಬಸ್ಸು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: “ಸಾಯಕ್ಕೆ ನನ್ ಬಸ್ಸೇ ಬೇಕಿತ್ತಾ? ತೆಗಿಯೇ ಕೈನಾ!”

ಭದ್ರಮ್ಮ ತೆಗೆಯಲಿಲ್ಲ. “ಇಗೋ ಸ್ವಾಮಿ, ತೋರಿಸ್ತಾವ್ನಿ,” ಎಂದಳು. “ಬರ್ಕೊಳ್ಳಿ.”